ಅಕ್ಕೋರನ್ನ ಕೇಳಿ: ನಕ್ಷತ್ರ, ಗೋದಲಿ, ಭಸ್ಮ ಮತ್ತು ಒಂದು ತಟ್ಟೆ ಕರ್ಚಿಕಾಯಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ರಿಶ್ಚಿಯನ್ ಹಬ್ಬಗಳ ಬಗ್ಗೆಯೇ ಇದ್ದವು. ಹಾಗಾಗಿ ಸಂಧಿ, ಸಮಾಸದ ಪ್ರಶ್ನೆಗಳು ಮುಂದಿನ ತಿಂಗಳಿಗೆ. ಹೊಸ ಓದುಗರಿಗೆ ಒಂದು ಮಾತು: ನಾನು ನಿವೃತ್ತ ಕನ್ನಡ ಟೀಚರ್, ಧರ್ಮಶಾಸ್ತ್ರ ಓದಿದವಳಲ್ಲ. ತವರು ಗುಳೇದಗುಡ್ಡ, ಖಣ ನೇಯುವ ಮನೆತನ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1851ರಲ್ಲಿ ಅಲ್ಲಿಗೆ ಬಂದರು. ನಮ್ಮ ಸಭೆಯ ಬೇರು ಅಲ್ಲಿಂದಲೇ. ಮದುವೆಯಾಗಿ ಸೇರಿದ್ದು ಖಾನಾಪುರ ಕಡೆಯ ಕೆಥೋಲಿಕ್ ಮನೆಗೆ. ಈಗ ಇರುವುದು ಬೆಳಗಾವಿಯ ಕ್ಯಾಂಪಿನಲ್ಲಿ. ಎರಡೂ ಕಡೆಯ ಹಬ್ಬ ಉಂಡವಳು ಅನ್ನುವ ಧೈರ್ಯದ ಮೇಲೆ ಉತ್ತರ ಬರೆಯುತ್ತಿದ್ದೇನೆ.

ಅಕ್ಕೋರೇ, ನಮ್ಮ ಓಣಿಯಲ್ಲಿ ಒಂದೇ ಒಂದು ಕ್ರಿಶ್ಚಿಯನ್ ಮನೆ ಇದೆ. ಡಿಸೆಂಬರ್ ಬಂತೆಂದರೆ ಕಾಗದದ ನಕ್ಷತ್ರ ತೂಗುಹಾಕುತ್ತಾರೆ. ಪಡಸಾಲೆಯಲ್ಲಿ ಹುಲ್ಲು ಹಾಸಿ ಗೊಂಬೆ ಕೂಡಿಸುತ್ತಾರೆ. ಆದರೆ ನಡುವಿನ ಮಗುವೇ ಇರುವುದಿಲ್ಲ! ನನ್ನ ಮಗಳು "ಆಂಟಿ, ನಿಮ್ಮ ಗೊಂಬೆ ಕಳೆದಿದೆ" ಅಂದದ್ದಕ್ಕೆ ಅವರು ನಕ್ಕುಬಿಟ್ಟರು. ಇದೇನು?
— ಗೃಹಿಣಿ, ಜಮಖಂಡಿ

ನಿಮ್ಮ ಮಗಳ ಕಣ್ಣು ಚುರುಕಾಗಿದೆ, ತಂಗಿ. ಗೊಂಬೆ ಕಳೆದಿಲ್ಲ, ಇನ್ನೂ ಹುಟ್ಟಿಲ್ಲ. 24ರ ನಡುರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತಿ ಚಿಕ್ಕ ಮಗುವಿನ ಕೈಯಿಂದ ಅದನ್ನು ಇಡಿಸುತ್ತಾರೆ. ಅಲ್ಲಿಯವರೆಗೆ ಜಾಗ ಖಾಲಿ. ಆ ಖಾಲಿ ಜಾಗವೇ ಡಿಸೆಂಬರಿನ ಅರ್ಥ ಅಂತ ನಾನು ತಿಳಿದಿದ್ದೇನೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವನ್ನು ಆಗಮನ ಕಾಲ ಅನ್ನುತ್ತೇವೆ. ಅದು ಹಬ್ಬವಲ್ಲ, ಹಬ್ಬಕ್ಕಾಗಿ ಕಾಯುವ ಕಾಲ. ಪಾದ್ರಿಗಳ ಮೇಲುಡುಪೂ ನೇರಳೆ ಬಣ್ಣದ್ದು, ಪಶ್ಚಾತ್ತಾಪದ ಬಣ್ಣ. ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುವ ರೂಢಿ ಶುರುವಾದದ್ದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. 1839ರಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಅನ್ನುವ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದವಂತೆ. ಅವರು ಒಂದು ಬಂಡಿಯ ಗಾಲಿಗೆ ಬತ್ತಿಗಳನ್ನು ಸಿಕ್ಕಿಸಿ, ದಿನಕ್ಕೊಂದು ಚಿಕ್ಕದು, ಭಾನುವಾರಕ್ಕೊಂದು ದೊಡ್ಡದು ಹಚ್ಚಿ ತೋರಿಸಿದರು. ಟೀಚರ್ ಆಗಿದ್ದವಳಿಗೆ ಈ ಉಪಾಯ ತುಂಬಾ ಹಿಡಿಸುತ್ತದೆ.

ನಕ್ಷತ್ರದ್ದೂ ಶಾಲೆಯ ಕಥೆಯೇ. ಮತ್ತಾಯನ ಸುವಾರ್ತೆಯಲ್ಲಿ, ಅಂದರೆ ಯೇಸುವಿನ ಬದುಕು ಹೇಳುವ ಬೈಬಲ್ ಪುಸ್ತಕಗಳಲ್ಲಿ ಒಂದರಲ್ಲಿ, ಪೂರ್ವದೇಶದ ಜ್ಞಾನಿಗಳಿಗೆ ದಾರಿ ತೋರಿಸಿದ ನಕ್ಷತ್ರ ಬರುತ್ತದೆ. ಅದನ್ನು ಕಾಗದದಲ್ಲಿ ಮಾಡಿ ತೂಗುಹಾಕಿದವರಲ್ಲಿ ಮೊದಲಿಗರು ಜರ್ಮನಿಯ ಮೊರೇವಿಯನ್ ಸಭೆಯವರು. 1830ರ ದಶಕದಲ್ಲಿ ಅವರ ಶಾಲೆಯೊಂದರಲ್ಲಿ ರೇಖಾಗಣಿತದ ಪಾಠಕ್ಕೆಂದು ಮಾಡಿಸಿದ್ದು ಅದು. ನಮ್ಮ ಕಡೆ ಬಿದಿರಿನ ಕಡ್ಡಿ ಸೀಳಿ, ಬಣ್ಣದ ಕಾಗದ ಅಂಟಿಸಿ, ಒಳಗೆ ಬಲ್ಬು ಇಟ್ಟು ಮಾಡುತ್ತಿದ್ದೆವು. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್‌ನದು ಸಿಗುತ್ತದೆ. ಜನವರಿ 6ಕ್ಕೆ, ಜ್ಞಾನಿಗಳು ಬಂದು ಮುಟ್ಟಿದ ಹಬ್ಬಕ್ಕೆ, ಅದನ್ನು ಇಳಿಸಬೇಕು. ನಮ್ಮ ಪಕ್ಕದ ಮನೆಯವರದು ಶಿವರಾತ್ರಿಯವರೆಗೂ ತೂಗುತ್ತಿರುತ್ತದೆ. ಇರಲಿ.

ಇನ್ನು ಗೋದಲಿ. ದನಗಳಿಗೆ ಮೇವು ಹಾಕುವ ಗ್ವಾದಲಿ ನಿಮ್ಮ ಜಮಖಂಡಿ ಕಡೆಯ ಹಳ್ಳಿ ಮನೆಗಳಲ್ಲಿ ಈಗಲೂ ಇದೆ. ಕೂಸನ್ನು ಮಲಗಿಸಲು ಛತ್ರದಲ್ಲಿ ಜಾಗ ಸಿಗದೆ ಗೋದಲಿಯಲ್ಲಿ ಮಲಗಿಸಿದರು ಅಂತ ಲೂಕನ ಸುವಾರ್ತೆ ಹೇಳುತ್ತದೆ. ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದವರು ಅಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಹಳ್ಳಿಯಲ್ಲಿ ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆ ತರಿಸಿ ಅಲ್ಲೇ ಪೂಜೆ ಮಾಡಿಸಿದರು. ಸ್ವಾರಸ್ಯ ಏನಂದರೆ ಯೇಸುವಿನ ಜನನದ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವು ಬಂದದ್ದು ಯೆಶಾಯ ಪ್ರವಾದಿಯ ಪುಸ್ತಕದ ಮೊದಲ ಪುಟದಿಂದ. ಎತ್ತಿಗೆ ಒಡೆಯನ ಗುರುತಿದೆ, ಕತ್ತೆಗೆ ತನ್ನ ಗೋದಲಿಯ ಗುರುತಿದೆ, ನನ್ನ ಜನರಿಗೆ ಮಾತ್ರ ನನ್ನ ಗುರುತಿಲ್ಲ ಅಂತ ದೇವರು ಅಲ್ಲಿ ನೊಂದುಕೊಳ್ಳುತ್ತಾನೆ. ಆ ಗೊಂಬೆಗಳು ಅಂದಕ್ಕಾಗಿ ಇಟ್ಟಿದ್ದಲ್ಲ. ನಮ್ಮನ್ನು ಚುಚ್ಚುವುದಕ್ಕೇ ಅಲ್ಲಿ ನಿಂತಿವೆ!

ಕುರಿ ಕಾಯುವವರ ಗೊಂಬೆಗಳನ್ನೂ ನೋಡಿರಬೇಕು. ಸುದ್ದಿ ಮೊದಲು ತಿಳಿದದ್ದು ಅರಮನೆಗಲ್ಲ, ರಾತ್ರಿ ಹೊಲದಲ್ಲಿ ಎಚ್ಚರವಿದ್ದ ಅವರಿಗೆ. ಬಾಗಲಕೋಟೆ ಸೀಮೆಯಲ್ಲಿ ಎರೆ ಹೊಲಗಳಲ್ಲಿ ಕುರಿ ಹಿಂಡು ನಿಲ್ಲಿಸಿಕೊಂಡು ಚಳಿಯಲ್ಲಿ ಕೂತಿರುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಹುಲ್ಲನ್ನು ಒಮ್ಮೆಲೇ ಹಾಸುವುದಿಲ್ಲ. ಮಕ್ಕಳು ಯಾರಿಗಾದರೂ ಒಂದು ಉಪಕಾರ ಮಾಡಿದರೆ ಒಂದು ಎಳೆ ಕಣಕಿ ಇಡಬಹುದು. ಯಾರೂ ಲೆಕ್ಕ ಕೇಳುವಂತಿಲ್ಲ. 24ರ ಹೊತ್ತಿಗೆ ಹಾಸಿಗೆ ಮೆತ್ತಗಾಗಿರಬೇಕು. ಪಾತ್ರೆಯಲ್ಲಿ ಗೋಧಿ ಬಿತ್ತಿ ಸಸಿಯನ್ನೂ ಬೆಳೆಸುತ್ತೇವೆ, ದಸರೆಗೆ ನೀವು ಘಟ್ಟ ಹಾಕುತ್ತೀರಲ್ಲ, ಹಾಗೆಯೇ. ಮೂವರು ಜ್ಞಾನಿಗಳನ್ನು ಮಾತ್ರ ದೂರ ಟಿ.ವಿ. ಮೇಜಿನ ಮೇಲೆ ಇಟ್ಟು ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತರುತ್ತೇವೆ. ಮೂವರು ಅಂತ ಸುವಾರ್ತೆಯಲ್ಲಿ ಎಲ್ಲೂ ಬರೆದಿಲ್ಲ. ಕಾಣಿಕೆ ಮೂರು ಇದ್ದವು, ಚಿನ್ನ, ಧೂಪ, ರಕ್ತಬೋಳ. ಅದರಿಂದ ಮೂವರಾದರು. ರಕ್ತಬೋಳ ಹೆಣಕ್ಕೆ ಲೇಪಿಸುವ ಸುಗಂಧ. ಮುಂದೆ ಯೇಸುವಿನ ಹೂಳುವಿಕೆಯಲ್ಲಿ ಅದು ಮತ್ತೆ ಬರುತ್ತದೆ. ತೊಟ್ಟಿಲ ಕೂಸಿಗೆ ಯಾರಾದರೂ ಅಂಥ ಉಡುಗೊರೆ ಕೊಡುತ್ತಾರಾ? ಕೊಟ್ಟಿದ್ದಾರೆ. ಆ ಹುಟ್ಟಿನಲ್ಲಿ ಸಾವೂ ಸೇರಿದೆ ಅನ್ನುವುದನ್ನು ಕಥೆ ಮುಚ್ಚಿಡುವುದಿಲ್ಲ.

ಯೇಸು ಡಿಸೆಂಬರ್ 25ರಂದು ಹುಟ್ಟಿಲ್ಲ ಅಂತ ಯೂಟ್ಯೂಬ್‌ನಲ್ಲಿ ನೋಡಿದೆ. ಹಾಗಾದರೆ ಹಬ್ಬವೇ ಸುಳ್ಳಲ್ಲವೇ?
— ಪದವಿ ವಿದ್ಯಾರ್ಥಿ, ವಿಜಯಪುರ

ತಮ್ಮಾ, ತಾರೀಖು ಸುವಾರ್ತೆಗಳಲ್ಲಿ ಇಲ್ಲ, ನಿಜ. ರೋಮ್‌ನಲ್ಲಿ ಈ ದಿನ ಆಚರಿಸಿದ ಹಳೆಯ ದಾಖಲೆ 336ನೇ ಇಸವಿಯದು. ಯಾಕೆ ಈ ದಿನ ಅನ್ನುವುದಕ್ಕೆ ವಿದ್ವಾಂಸರು ಎರಡು ಕಾರಣ ಹೇಳುತ್ತಾರೆ. ರೋಮನ್ನರ ಲೆಕ್ಕದಲ್ಲಿ ಅದು ವರ್ಷದ ಅತಿ ಚಿಕ್ಕ ಹಗಲು, ಅಲ್ಲಿಂದ ಬೆಳಕು ಬೆಳೆಯುತ್ತದೆ ಅನ್ನುವುದು ಒಂದು. ಮರಿಯಳು ಗರ್ಭ ಧರಿಸಿದ್ದು ಮಾರ್ಚ್ 25 ಅಂತ ನಂಬಿ ಒಂಬತ್ತು ತಿಂಗಳು ಎಣಿಸಿದರು ಅನ್ನುವುದು ಇನ್ನೊಂದು. ಅರ್ಮೇನಿಯಾದವರು ಇವತ್ತಿಗೂ ಜನವರಿ 6ಕ್ಕೇ ಮಾಡುತ್ತಾರೆ. ನಾವು ಆಚರಿಸುವುದು ಹುಟ್ಟಿದ ಪ್ರಮಾಣಪತ್ರವನ್ನಲ್ಲ, ಹುಟ್ಟಿದ್ದನ್ನು. ಹಬ್ಬದ ಸಾಮಾನೂ ಅಷ್ಟೇ. ಕ್ರಿಸ್‌ಮಸ್ ಗಿಡ ಜರ್ಮನಿಯದು, ಗೋದಲಿ ಇಟಲಿಯದು, ಕರ್ಚಿಕಾಯಿ ನಮ್ಮದು. ಎಲ್ಲಿಂದ ಬಂತು ಅಂತ ಕೇಳುವುದು ತಪ್ಪಲ್ಲ. ಅದು ನಮ್ಮ ಕೈಯಿಂದ ಏನು ಮಾಡಿಸುತ್ತದೆ ಅಂತಲೂ ಕೇಳು.

ಡಿಸೆಂಬರ್ 31ರ ರಾತ್ರಿ ಬೆಳಗಾವಿ ಕ್ಯಾಂಪಿನಲ್ಲಿ ಓಲ್ಡ್ ಮ್ಯಾನ್ ಸುಡುತ್ತಾರಲ್ಲ, ಅದು ಕ್ರಿಶ್ಚಿಯನ್ನರ ಶಾಸ್ತ್ರವೇ? ನಮ್ಮ ಹುಡುಗರೂ ಈಗ ಅನಗೋಳದಲ್ಲಿ ಸುಡಲು ಶುರು ಮಾಡಿದ್ದಾರೆ.
— ಅಂಗಡಿ ಮಾಲೀಕ, ಬೆಳಗಾವಿ

ಚರ್ಚಿನ ಯಾವ ಪುಸ್ತಕದಲ್ಲೂ ಅದಿಲ್ಲ. ಹಳೆ ಪ್ಯಾಂಟು, ಶರ್ಟಿಗೆ ಹುಲ್ಲು ತುಂಬಿ, ಮುಖವಾಡ ಹಚ್ಚಿ, ಹೊಟ್ಟೆಯಲ್ಲಿ ಪಟಾಕಿ ಇಟ್ಟು, ಹನ್ನೆರಡು ಹೊಡೆದಾಗ ಕೊಳ್ಳಿ ಇಡುವುದು ಊರಿನ ರೂಢಿ. ಹೋದ ವರ್ಷವನ್ನು ಬೀಳ್ಕೊಡುವ ಆಟ. ಗೋವಾದಲ್ಲೂ ಇದೆ, ಕೊಚ್ಚಿಯಲ್ಲಿ ಪಾಪ್ಪಾಂಜಿ ಅಂತ ಕರೆಯುತ್ತಾರೆ. ಕಾಮಣ್ಣನನ್ನು ಸುಡುವ ಸೀಮೆಯವರಿಗೆ ಇದು ತಟ್ಟನೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸುಡಲಿ, ಬೇಡ ಅನ್ನುವುದಿಲ್ಲ. ವೈರಿಗಳ ಫೋಟೋ ಅಂಟಿಸಿ ಸುಡುವುದನ್ನು ಮಾತ್ರ ನಿಲ್ಲಿಸಲಿ. ಪಟಾಕಿಯನ್ನೂ ಕಡಿಮೆ ಮಾಡಿದರೆ ನಮ್ಮ ಬೀದಿಯ ನಾಯಿಗಳು ಬದುಕಿಕೊಳ್ಳುತ್ತವೆ.

ಅದೇ ಹೊತ್ತಿಗೆ ಚರ್ಚಿನ ಒಳಗೆ ಬೇರೆಯದೇ ನಡೆದಿರುತ್ತದೆ. ಮೆಥೊಡಿಸ್ಟ್ ಮತ್ತು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಜಾಗರಣೆಯ ಆರಾಧನೆ ಇರುತ್ತದೆ. ಮೊರೇವಿಯನ್ನರು 1733ರಲ್ಲಿ ಶುರು ಮಾಡಿದ್ದನ್ನು ಇಂಗ್ಲೆಂಡಿನ ಜಾನ್ ವೆಸ್ಲಿ ತಮ್ಮ ಸಭೆಗಳಿಗೆ ತಂದರು. ಅವರೇ ಕಟ್ಟಿದ ಪಂಗಡ ಮೆಥೊಡಿಸ್ಟರದು. ಬೆಳಗಾವಿಗೆ 1820ರಲ್ಲಿ ಮೊದಲು ಬಂದದ್ದು ಲಂಡನ್ ಮಿಶನ್. ಆಮೇಲೆ ಆ ಕೆಲಸ ಮೆಥೊಡಿಸ್ಟರ ಕೈಗೆ ಬಂತು. ಹೀಗೆ ಈ ಜಾಗರಣೆಗೂ ನಮ್ಮ ಊರಿಗೂ ನಂಟು. ಹನ್ನೆರಡಕ್ಕೆ ಐದು ನಿಮಿಷ ಇದೆ ಅನ್ನುವಾಗ ದೀಪ ಆರಿಸಿ ಎಲ್ಲರೂ ಮೊಣಕಾಲೂರುತ್ತಾರೆ. ವರ್ಷವಿಡೀ ನಾವೇ ಮಾಡಿದ ತಪ್ಪುಗಳನ್ನು ಒಳಗೊಳಗೇ ಒಪ್ಪಿಸಬೇಕು. ಹೊರಗೆ ಸುಡುವುದು ಇನ್ನೊಬ್ಬನ ಗೊಂಬೆ. ಒಳಗೆ ಆ ಅನುಕೂಲ ಇಲ್ಲ.

ಮುಗಿದ ಮೇಲೆ ವಾಗ್ದಾನದ ಕಾರ್ಡು ಎತ್ತಿಸುತ್ತಾರೆ, ಅದರಲ್ಲಿ ಒಂದು ಬೈಬಲ್ ವಚನ ಇರುತ್ತದೆ. ಕೆಲವರು ಚೆನ್ನಾಗಿರುವುದು ಬರುವವರೆಗೂ ಎತ್ತುತ್ತಾರೆ. ಅದು ಲಾಟರಿ ಅಲ್ಲ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ.

ನಾವು ಲಿಂಗಾಯತರು, ದಿನಾ ವಿಭೂತಿ ಧರಿಸುತ್ತೇವೆ. ನಮ್ಮ ಬ್ಯಾಂಕಿನಲ್ಲಿ ಒಬ್ಬ ಕ್ರಿಶ್ಚಿಯನ್ ಮಿತ್ರರು ವರ್ಷಕ್ಕೊಂದು ದಿನ ಹಣೆಗೆ ಬೂದಿ ಹಚ್ಚಿಕೊಂಡು ಬರುತ್ತಾರೆ. ಆಮೇಲೆ ಒಂದೂವರೆ ತಿಂಗಳು ಮಾಂಸ ಬಿಡುತ್ತಾರೆ. ನಿಮ್ಮಲ್ಲೂ ವಿಭೂತಿ ಇದೆಯೇ? ಎರಡೂ ಒಂದೇ ಅನ್ನಬಹುದೇ?
— ಬ್ಯಾಂಕ್ ನೌಕರ, ಮುದ್ದೇಬಿಹಾಳ

ಹೆಸರಿನಲ್ಲಿ ಹೌದು ಸರ್. ಕನ್ನಡ ಕೆಥೋಲಿಕರು ಆ ದಿನವನ್ನು ವಿಭೂತಿ ಬುಧವಾರ ಅಂತಲೇ ಕರೆಯುತ್ತಾರೆ. ಆದರೆ ಎರಡೂ ಒಂದೇ ಅಂತ ಹೇಳಿ ಮುಗಿಸಿಬಿಡುವುದು ಇಬ್ಬರಿಗೂ ಮಾಡುವ ಅನ್ಯಾಯ. ನಿಮಗೆ ವಿಭೂತಿ ಅಷ್ಟಾವರಣಗಳಲ್ಲಿ ಒಂದು. ನಿಮ್ಮನ್ನು ಕಾಯುವಂಥದ್ದು, ಶಿವನ ಗುರುತು, ದಿನನಿತ್ಯದ ಸಂಗಾತಿ. ನಮ್ಮದು ವರ್ಷಕ್ಕೊಂದು ಸಲ ಬರುವ ಎಚ್ಚರಿಕೆ. ಪಾದ್ರಿಗಳು ಹಣೆಯ ಮೇಲೆ ಬೂದಿಯಿಂದ ಶಿಲುಬೆ ಬರೆಯುತ್ತಾ, ನೀನು ಮಣ್ಣು, ಮಣ್ಣಿಗೇ ಮರಳುವೆ ಅನ್ನುತ್ತಾರೆ. ಆದಿಕಾಂಡದಲ್ಲಿ ಆದಾಮನಿಗೆ ದೇವರು ಹೇಳಿದ ಮಾತು ಅದು. ಸಾಲಿನಲ್ಲಿ ನನ್ನ ಮುಂದೆ ಎತ್ತಿಕೊಂಡ ಕೂಸು, ಹಿಂದೆ ಊರುಗೋಲಿನ ಅಜ್ಜ. ಎಲ್ಲರಿಗೂ ಅದೇ ವಾಕ್ಯ. ಕೂಸಿಗೆ ಹೇಳುವಾಗ ಮೊದಲ ಸಲ ನನ್ನ ಎದೆ ಝಲ್ಲೆಂದಿತ್ತು. ತವರಿನ ಬಾಸೆಲ್ ಮಿಶನ್ ಸಭೆಯಲ್ಲಿ ಬೂದಿ ಹಚ್ಚುವ ರೂಢಿ ಇರಲಿಲ್ಲ, ಹಾಗಾಗಿ ಮದುವೆಯಾದ ಮೇಲೇ ನಾನು ಅದನ್ನು ಕಂಡದ್ದು.

ಆ ಬೂದಿ ಎಲ್ಲಿಂದ ಬರುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಯೇಸು ಸತ್ತು ಮತ್ತೆ ಎದ್ದ ಹಬ್ಬವಾದ ಈಸ್ಟರ್‌ಗೆ ಒಂದು ವಾರ ಮುಂಚೆ ಗರಿಗಳ ಭಾನುವಾರ ಬರುತ್ತದೆ. ಯೇಸು ಕತ್ತೆಮರಿಯ ಮೇಲೆ ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಜೈಕಾರ ಹಾಕಿದ ನೆನಪಿಗೆ ನಾವೂ ಗರಿ ಹಿಡಿದು ಮೆರವಣಿಗೆ ಮಾಡುತ್ತೇವೆ. ತೆಂಗಿನದು ಸಿಗದ ಊರುಗಳಲ್ಲಿ ಈಚಲ ಗರಿಯೂ ನಡೆಯುತ್ತದೆ. ಅದನ್ನು ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸುತ್ತೇವೆ. ವರ್ಷ ಕಳೆಯುವಷ್ಟರಲ್ಲಿ ಒಣಗಿ ಪುಡಿಯಾಗಿರುತ್ತದೆ. ಮುಂದಿನ ವರ್ಷ ಆ ಗರಿಗಳನ್ನೇ ಚರ್ಚಿಗೆ ಒಪ್ಪಿಸಿ, ಸುಟ್ಟು, ಜರಡಿ ಹಿಡಿದು ಬೂದಿ ಮಾಡುತ್ತಾರೆ. ಭಾನುವಾರ ಜೈಕಾರ ಹಾಕಿದ ಊರೇ ಶುಕ್ರವಾರ ಶಿಲುಬೆಗೇರಿಸಿ ಅಂತ ಕೂಗಿತು. ನಮ್ಮ ಹಣೆಯ ಮೇಲೆ ಬರುವುದು ನಮ್ಮದೇ ಜೈಕಾರದ ಬೂದಿ. ಇದಕ್ಕಿಂತ ಕಟುವಾದ ಶಾಸ್ತ್ರ ನಮ್ಮಲ್ಲಿ ಇನ್ನೊಂದಿಲ್ಲ ಅನ್ನಿಸುತ್ತದೆ.

ಇನ್ನೂ ಒಂದು ಬಿಕ್ಕಟ್ಟು ಇದೆ. ಆ ದಿನ ಚರ್ಚಿನಲ್ಲಿ ಓದುವುದು ಮತ್ತಾಯನ ಆರನೆಯ ಅಧ್ಯಾಯ. ಉಪವಾಸ ಮಾಡುವಾಗ ಮುಖ ಜೋಲುಹಾಕಿಕೊಂಡು ಜನರಿಗೆ ತೋರಿಸಬೇಡ, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೋ ಅಂತ ಯೇಸು ಹೇಳುತ್ತಾರೆ. ಇದನ್ನು ಕೇಳಿದ ಹತ್ತೇ ನಿಮಿಷಕ್ಕೆ ಎಲ್ಲರಿಗೂ ಕಾಣುವ ಹಾಗೆ ಹಣೆಗೆ ಬೂದಿ! ನನ್ನ ಅತ್ತೆ ಮನೆಗೆ ಬಂದವರೇ ಮುಖ ತೊಳೆದುಬಿಡುತ್ತಿದ್ದರು. ಮಾವ ರಾತ್ರಿಯವರೆಗೂ ಇಟ್ಟುಕೊಳ್ಳುತ್ತಿದ್ದರು. ಇಬ್ಬರೂ ಅದೇ ಅಧ್ಯಾಯ ತೋರಿಸಿ ವಾದ ಮಾಡುತ್ತಿದ್ದರು. ನಾನು ಅತ್ತೆಯ ಪಕ್ಷ. ನಿಮ್ಮ ಮಿತ್ರರು ಬೂದಿಯಲ್ಲೇ ಕೌಂಟರಿನಲ್ಲಿ ಕೂರುತ್ತಾರೆ ಅಂದರೆ ಅವರು ಮಾವನ ಪಕ್ಷ ಇರಬೇಕು.

ಒಂದೂವರೆ ತಿಂಗಳ ಲೆಕ್ಕ ಹೀಗೆ. ಯೇಸು ಅಡವಿಯಲ್ಲಿ 40 ದಿನ ಉಪವಾಸ ಇದ್ದದ್ದಕ್ಕೆ 40 ದಿನ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅದನ್ನು ಎಣಿಸುವುದಿಲ್ಲ. ಹೀಗೆ ಒಟ್ಟು 46 ದಿನ, ಇದನ್ನೇ ತಪಸ್ಸು ಕಾಲ ಅನ್ನುತ್ತೇವೆ. ಕೆಥೋಲಿಕರಿಗೆ ನಿಯಮದ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಅದೂ 18 ತುಂಬಿದವರಿಂದ 59 ವರ್ಷದವರೆಗೆ. ಆ ದಿನ ಒಂದೇ ಪೂರ್ತಿ ಊಟ. ಪೂರ್ತಿ ತಪಸ್ಸು ಕಾಲ ಮಾಂಸ ಬಿಡುವುದು ನಿಮ್ಮ ಮಿತ್ರರ ಸ್ವಂತ ವ್ರತ. ಅವರನ್ನು ಒಂದು ಪ್ರಶ್ನೆ ಕೇಳಿ ನೋಡಿ: ಉಳಿದ ದುಡ್ಡು ಏನು ಮಾಡುತ್ತೀರಿ? ನಮ್ಮ ಮನೆಯಲ್ಲಿ ಭಾನುವಾರದ ಮಟನ್ ದುಡ್ಡು ಒಂದು ಬೋರ್ನ್‌ವಿಟಾ ಡಬ್ಬಿಗೆ ಬೀಳುತ್ತದೆ. ಈಸ್ಟರ್ ಹೊತ್ತಿಗೆ ಅದು ಬೇರೆ ಯಾರದೋ ಮನೆಯ ರೇಷನ್ ಆಗಬೇಕು. ಪ್ರಾರ್ಥನೆ, ಉಪವಾಸ, ದಾನ, ಆ ಅಧ್ಯಾಯ ಮೂರನ್ನೂ ಒಟ್ಟಿಗೇ ಹೇಳುತ್ತದೆ. ದಾನ ಬಿಟ್ಟರೆ ಉಳಿಯುವುದು ಬರೀ ಡಯಟ್.

ಗುಡ್ ಫ್ರೈಡೆಗೆ ವಾಟ್ಸ್‌ಆ್ಯಪ್‌ನಲ್ಲಿ ಶುಭಾಶಯ ಕಳಿಸಿದೆ. ಗೆಳತಿ ಉತ್ತರವನ್ನೇ ಕೊಡಲಿಲ್ಲ. ಆ ಹಬ್ಬ ವರ್ಷ ವರ್ಷ ತಾರೀಖು ಯಾಕೆ ಬದಲಿಸುತ್ತದೆ?
— ಶಿಕ್ಷಕಿ, ಗೋಕಾಕ

ಅದು ಯೇಸು ಸತ್ತ ದಿನ, ಯವ್ವಾ. ಶುಭಾಶಯ ಬೇಡ. "ನಿಮ್ಮನ್ನು ನೆನೆಸಿಕೊಂಡೆ" ಅಂದರೆ ಸಾಕು. ಕೆಥೋಲಿಕ್ ಚರ್ಚುಗಳಲ್ಲಿ ಆ ದಿನ ಬಲಿಪೂಜೆ ಅನ್ನುವ ಮುಖ್ಯ ಆರಾಧನೆಯೇ ಇಲ್ಲ, ಗಂಟೆಯೂ ಹೊಡೆಯುವುದಿಲ್ಲ. ಹಲವು ಕಡೆ ಮರದ ತಟ್ಟೆಯಿಂದ ಕಟಕಟ ಸದ್ದು ಮಾಡುತ್ತಾರೆ. ಪೀಠದ ಬಟ್ಟೆಯನ್ನೂ ತೆಗೆದಿರುತ್ತಾರೆ. ಶುಭಾಶಯವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ಆವತ್ತು ಎಷ್ಟು ಕಳಿಸಿದರೂ ಕಡಿಮೆಯೇ.

ತಾರೀಖಿಗೆ ಕಾರಣ ಚಂದ್ರ. ಗುಡ್ ಫ್ರೈಡೆ ಈಸ್ಟರ್ ಭಾನುವಾರಕ್ಕೆ ಎರಡು ದಿನ ಮುಂಚಿನ ಶುಕ್ರವಾರ, ಈಸ್ಟರ್ ಸರಿದ ಹಾಗೆ ಅದೂ ಸರಿಯುತ್ತದೆ. 325ರಲ್ಲಿ ನೈಸಿಯಾದ ಮಹಾಸಭೆ ಎಲ್ಲರೂ ಒಂದೇ ಭಾನುವಾರ ಈಸ್ಟರ್ ಮಾಡಬೇಕು ಅಂತ ಗೊತ್ತುಮಾಡಿತು. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರ ಅನ್ನುವುದು ಲೆಕ್ಕ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಾದರೂ ಬೀಳುತ್ತದೆ. ದವನದ ಹುಣ್ಣಿಮೆ ಎಲ್ಲಿದೆ ನೋಡಿಕೊಳ್ಳಿ, ಬಹಳ ವರ್ಷ ಅದರ ಆಸುಪಾಸಿನಲ್ಲೇ ಸಿಗುತ್ತದೆ.

ಪರಿಚಯದವರು ಚರ್ಚಿನ ಸುಗ್ಗಿ ಹಬ್ಬಕ್ಕೆ ಕರೆದಿದ್ದರು. ಪ್ರಾರ್ಥನೆ ಮುಗಿದದ್ದೇ ಆವರಣದಲ್ಲಿ ಲಿಲಾವು ಶುರುವಾಯಿತು. ಒಂದು ಲಿಂಬೆಹಣ್ಣು 500 ರೂಪಾಯಿಗೆ ಹೋಯಿತು! ಯೇಸು ಗುಡಿಯಿಂದ ವ್ಯಾಪಾರಿಗಳನ್ನು ಓಡಿಸಿದ್ದರು ಅಂತ ಓದಿದ್ದೇನೆ. ಮತ್ತೆ ಇದೇನು?
— ರೈತ, ಹುನಗುಂದ

ನಿಮ್ಮಂಥವರು ಪತ್ರ ಬರೆಯುವುದಕ್ಕೇ ಈ ಅಂಕಣ ನಡೆಸುವುದು. ಯೇಸು ಓಡಿಸಿದ್ದು ದುಡ್ಡು ಬದಲಿಸುವವರನ್ನು, ಪಾರಿವಾಳ ಮಾರುವವರನ್ನು. ಬಡವ ದೇವರ ಹತ್ತಿರ ಬರಬೇಕಾದರೆ ಮೊದಲು ಅವರಿಗೆ ಲಾಭ ಕೊಡಬೇಕಿತ್ತು. ಸುಗ್ಗಿ ಹಬ್ಬದಲ್ಲಿ ನಡೆಯುವುದು ಅದರ ತಿರುವು ಮುರುವು. ಮೊದಲ ಬೆಳೆಯನ್ನು ಬುಟ್ಟಿಯಲ್ಲಿ ತಂದು ದೇವರ ಮುಂದೆ ಇಡು, ಆಮೇಲೆ ನಿನ್ನ ಊರಿನಲ್ಲಿರುವ ಪರದೇಶಿಯ ಜೊತೆ ಕೂತು ಸಂತೋಷಪಡು ಅಂತ ಬೈಬಲಿನ ಧರ್ಮೋಪದೇಶಕಾಂಡ ಹೇಳುತ್ತದೆ. ಜೋಳದ ತೆನೆ, ಕುಂಬಳಕಾಯಿ, ನಾಟಿ ಕೋಳಿ, ಶೇಂಗಾ, ಒಂದು ಸೇರು ತುಪ್ಪ, ಇದ್ದವರು ಇದ್ದದ್ದು ತರುತ್ತಾರೆ. ನಮಗೆ ಹೊಲ ಇರಲಿಲ್ಲ, ಅಪ್ಪ ಮಗ್ಗದಿಂದ ಇಳಿಸಿದ ಹೊಸ ಖಣವನ್ನೇ ಒಯ್ಯುತ್ತಿದ್ದರು. ಹೀಗೆ ಬಂದದ್ದನ್ನು ಅನುಕೂಲಸ್ಥರು ಬೆಲೆಗಿಂತ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ಲಿಂಬೆಹಣ್ಣು ತಂದ ಮುದುಕಿಯ ಕಾಣಿಕೆ 500 ಆಗಿ ಪೆಟ್ಟಿಗೆ ಸೇರಿತು. ಕೊಂಡವನಿಗೆ ಅದು ನಷ್ಟವೇ. ನಷ್ಟ ಮಾಡಿಕೊಳ್ಳಲೆಂದೇ ಅವನು ಕೂಗಿದ್ದು.

ಆದರೆ ಯಾರು ಎಷ್ಟು ಕೂಗಿದರು ಅಂತ ಮೈಕಿನಲ್ಲಿ ಮತ್ತೆ ಮತ್ತೆ ಸಾರುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ನಿಮ್ಮ ಅನುಮಾನಕ್ಕೆ ಬಲ ಬರುತ್ತದೆ. ಮುಂದಿನ ಸಲ ಹೋದರೆ ನೀವೂ ಒಂದು ಕೂಗು ಹಾಕಿ. ಕುಂಬಳಕಾಯಿಗೆ ಸಾಮಾನ್ಯವಾಗಿ ಪೈಪೋಟಿ ಕಡಿಮೆ.

ಪಕ್ಕದ ಮನೆಯವರು ಕ್ರಿಸ್‌ಮಸ್‌ಗೆ ತಟ್ಟೆ ಕಳಿಸುತ್ತಾರೆ. ಕೇಕಿನಲ್ಲಿ ತತ್ತಿ ಇರುತ್ತದೆ, ನಮ್ಮ ಅತ್ತೆ ಮುಟ್ಟುವುದಿಲ್ಲ. ತಿರುಗಿ ಕಳಿಸಿದರೆ ಬೇಜಾರಾಗುತ್ತಾರಾ?
— ಸೊಸೆ, ಬೈಲಹೊಂಗಲ

ತಿರುಗಿ ಕಳಿಸಬೇಡಿ, ಮುಂಚೆಯೇ ಹೇಳಿಬಿಡಿ. "ಅಕ್ಕಾ, ನಮ್ಮ ಅತ್ತೆಯವರು ತತ್ತಿ ತಿನ್ನುವುದಿಲ್ಲ" ಅಂದರೆ ಯಾವ ಕ್ರಿಶ್ಚಿಯನ್ ಹೆಂಗಸಿಗೂ ಬೇಜಾರಾಗುವುದಿಲ್ಲ. ನಾವು ಪ್ರತಿ ಓಣಿಗೂ ಲೆಕ್ಕ ಹಾಕಿಯೇ ತಟ್ಟೆ ಕಟ್ಟುತ್ತೇವೆ: ಇಂಥವರಿಗೆ ಕೇಕು, ಇಂಥವರಿಗೆ ಬರೀ ಕರ್ಚಿಕಾಯಿ, ಚಕ್ಕಲಿ, ಬೇಸನ್ ಉಂಡಿ, ಅವಲಕ್ಕಿ ಚೂಡಾ. ಚಕ್ಕಲಿಯ ಎಣ್ಣೆಯನ್ನೂ ಬೇರೆ ಬಾಣಲೆಯಲ್ಲಿ ಕಾಯಿಸುವವರಿದ್ದಾರೆ. ಖಾಲಿ ತಟ್ಟೆ ಕೊಡಬೇಕಲ್ಲ ಅಂತ ನೀವು ಆವತ್ತೇ ಗಾಬರಿಯಾಗಿ ಸಕ್ಕರೆ ಹುಡುಕುವುದೂ ಬೇಡ. ಸಂಕ್ರಾಂತಿ ದೂರವಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭರ್ತ, ಶೇಂಗಾ ಹೋಳಿಗೆ ಇಟ್ಟು ಅದೇ ತಟ್ಟೆ ಕಳಿಸಿ. ನಮ್ಮ ಮನೆಯಲ್ಲಂತೂ ಅದಕ್ಕೇ ಕಾದು ಕೂತಿರುತ್ತಾರೆ.